ಲಿನಕ್ಸ್‌ನಲ್ಲಿ ಫೈಲ್ ಮರೆಮಾಡುವ ಚುಕ್ಕೆ ಎಲ್ಲಿಂದ ಬಂತು?

ಎಸ್.ಪಿ. ರೋಡಿನ ಸೆಕೆಂಡ್‌ಹ್ಯಾಂಡ್ ಅಂಗಡಿಗೆ ಲಿನಕ್ಸ್ ಇರುವ ಹಳೆಯ ಲ್ಯಾಪ್‌ಟಾಪ್ ಕೊಡುವ ಮುನ್ನ ಹೋಮ್ ಫೋಲ್ಡರಿನಲ್ಲಿ ಕಂಟ್ರೋಲ್-ಎ ಒತ್ತಿ, ಎಲ್ಲ ಅಳಿಸಿ, ಟ್ರ್ಯಾಶ್ ಖಾಲಿ ಮಾಡುವವರಿದ್ದಾರೆ. ಫೋಟೊ, ಪಿಡಿಎಫ್ ಹೋಗುತ್ತವೆ. ಆದರೆ ಫೈರ್‌ಫಾಕ್ಸ್ ಪಾಸ್‌ವರ್ಡ್ ಇಟ್ಟುಕೊಳ್ಳುತ್ತ ಬಂದ ‘.ಮೊಜಿಲ್ಲಾ’, ಸರ್ವರ್ ಕೀಲಿಗಳಿರುವ ‘.ಎಸ್‌ಎಸ್‌ಎಚ್’ ಅಲ್ಲೇ ಉಳಿದಿರುತ್ತವೆ. ಹೆಸರು ಚುಕ್ಕೆಯಿಂದ ಶುರುವಾದರೆ ಅದು ಪಟ್ಟಿಯಲ್ಲಿ ಕಾಣುವುದಿಲ್ಲ, ಕಣ್ಣಿಗೆ ಕಾಣದ ಫೋಲ್ಡರು ಕಂಟ್ರೋಲ್-ಎಗೂ ಸಿಗುವುದಿಲ್ಲ.

ಇದರ ಮೂಲ, ಲಿನಕ್ಸ್‌ಗೆ ಮಾದರಿಯಾದ ಬೆಲ್ ಲ್ಯಾಬ್ಸ್‌ನ ಯುನಿಕ್ಸ್‌ನಲ್ಲಿದೆ. ಫೋಲ್ಡರಿನೊಳಗೆ ಫೋಲ್ಡರ್ ಇಡುವ ವ್ಯವಸ್ಥೆ ರೂಪುಗೊಂಡಾಗ ‘ಈ ಫೋಲ್ಡರ್’ ಎನ್ನಲು ಒಂದು ಚುಕ್ಕೆ, ‘ಮೇಲಿನ ಫೋಲ್ಡರ್’ ಎನ್ನಲು ಎರಡು ಚುಕ್ಕೆ ಎಂಬ ನಮೂದುಗಳು ಬಂದವು. ಎಲ್‌ಎಸ್ ಕಮಾಂಡ್ ಕೊಟ್ಟಾಗಲೆಲ್ಲ ಇವೆರಡೂ ಪಟ್ಟಿಯಲ್ಲಿ ಕಾಣತೊಡಗಿದವು. ಯುನಿಕ್ಸ್ ರೂಪಿಸಿದ ಕೆನ್ ಥಾಂಪ್ಸನ್ ಅಥವಾ ಡೆನ್ನಿಸ್ ರಿಚಿ, ಇಬ್ಬರಲ್ಲೊಬ್ಬರು ಎಲ್‌ಎಸ್‌ಗೆ ಪುಟ್ಟ ಪರೀಕ್ಷೆಯೊಂದನ್ನು ಸೇರಿಸಿದರು: ಹೆಸರಿನ ಮೊದಲ ಅಕ್ಷರ ಚುಕ್ಕೆಯಾಗಿದ್ದರೆ ಬಿಟ್ಟು ಮುಂದೆ ಹೋಗು. ಪೂರ್ತಿ ಹೆಸರು ಹೋಲಿಸಿದ್ದರೆ ಆ ಎರಡೇ ಮರೆಯಾಗುತ್ತಿದ್ದವು. ಅಡ್ಡದಾರಿ ಹಿಡಿದದ್ದರಿಂದ ಚುಕ್ಕೆಯಿಂದ ಶುರುವಾಗುವ ಪ್ರತಿ ಫೈಲೂ ಮರೆಯಾಯಿತು. ಅದೇ ಬಳಗದ ರಾಬ್ ಪೈಕ್ 2012ರಲ್ಲಿ ಇದನ್ನು ವಿವರಿಸಿ, ಅದೊಂದು ಕೆಟ್ಟ ಮೇಲ್ಪಂಕ್ತಿಯಾಯಿತು ಎಂದರು. ಸೋಮಾರಿ ಪ್ರೋಗ್ರಾಮರ್‌ಗಳು ಹೋಮ್ ಫೋಲ್ಡರಿಗೆ ತಮ್ಮ ಸರಕು ಸುರಿಯಲು ಅದೇ ರಹದಾರಿಯಾಯಿತು ಎಂಬುದು ಅವರ ದೂರು. ದೂರು ನ್ಯಾಯವಾದದ್ದೇ. 2003ರ ಎಕ್ಸ್‌ಡಿಜಿ ನಿಯಮಾವಳಿ ಈ ಸರಕನ್ನೆಲ್ಲ ‘.ಕಾನ್ಫಿಗ್’, ‘.ಕ್ಯಾಶ್’, ‘.ಲೋಕಲ್’ ಎಂಬ ಮೂರು ಕಡೆ ಕೂಡಿಸಲು ಹೊರಟಿತು. ಇವತ್ತಿಗೂ ಎಲ್ಲರೂ ಪಾಲಿಸುತ್ತಿಲ್ಲ.

ಮುಖ್ಯವಾದ ಮಾತೆಂದರೆ, ಚುಕ್ಕೆ ಇದ್ದರೆ ಮರೆ ಎಂಬುದು ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಗೊತ್ತೇ ಇಲ್ಲ. ಮರೆಮಾಡುವುದು ಆಯಾ ಪ್ರೋಗ್ರಾಮಿನ ಮರ್ಜಿ. ಡಾಸ್, ವಿಂಡೋಸ್‌ನ ಫ್ಯಾಟ್ ಎಂಬ ಫೈಲ್ ವ್ಯವಸ್ಥೆಯ ಡಿಸ್ಕಿನಲ್ಲಿ ಹಾಗಲ್ಲ, ಪ್ರತಿ ಫೈಲಿನ ನಮೂದಿನಲ್ಲೂ ‘ಮರೆ’ ಎಂಬ ಗುರುತಿಗೆ ಒಂದು ಬಿಟ್ ಇದೆ. ಹಾಗಾಗಿ ನಿಮ್ಮ ಉಬುಂಟುವಿನಲ್ಲಿ ಚುಕ್ಕೆ ಹಚ್ಚಿದ ‘.ಸಂಬಳ’ ಫೋಲ್ಡರ್ ಇರುವ ಪೆನ್‌ಡ್ರೈವನ್ನು ಬಾಡಿಗೆ ಕರಾರು ಪ್ರಿಂಟ್ ಹಾಕಿಸಲು ಜಯನಗರದ ಜೆರಾಕ್ಸ್ ಅಂಗಡಿಗೆ ಕೊಟ್ಟರೆ, ಅಲ್ಲಿನ ವಿಂಡೋಸ್ ಪರದೆಯ ಮೇಲೆ ಅದು ರಾಜಾರೋಷವಾಗಿ ಕಾಣುತ್ತದೆ. ಉಲ್ಟಾ ಕೂಡ ನಿಜ. ಪೆನ್‌ಡ್ರೈವ್ ವೈರಸ್ ನಿಮ್ಮ ಫೋಲ್ಡರುಗಳಿಗೆ ‘ಮರೆ’ ಗುರುತು ಹಾಕಿ ಅವುಗಳ ಜಾಗದಲ್ಲಿ ಶಾರ್ಟ್‌ಕಟ್ ಕೂರಿಸಿದ್ದರೆ, ಲಿನಕ್ಸ್‌ನಲ್ಲಿ ಚುಚ್ಚಿದೊಡನೆ ಅಸಲಿ ಫೋಲ್ಡರುಗಳು ಸಾಮಾನ್ಯವಾಗಿ ಹಾಗೇ ಕಾಣುತ್ತವೆ.

ಲಿನಕ್ಸ್‌ನಲ್ಲಿ ಮರೆಮಾಡುವುದು ಸುಲಭ: ಎಫ್2 ಒತ್ತಿ ಹೆಸರಿನ ಮುಂದೆ ಚುಕ್ಕೆ ಹಾಕಿ. ಮತ್ತೆ ನೋಡಲು ಉಬುಂಟುವಿನ ಗ್ನೋಮ್ ಡೆಸ್ಕ್‌ಟಾಪಿನಲ್ಲಿ ಕಂಟ್ರೋಲ್-ಎಚ್, ಕೆಡಿಇಯ ಡಾಲ್ಫಿನ್‌ನಲ್ಲಿ ಆಲ್ಟ್-ಚುಕ್ಕೆ, ಟರ್ಮಿನಲ್‌ನಲ್ಲಾದರೆ ಎಲ್‌ಎಸ್‌ಗೆ ಮೈನಸ್ ಎ. ಕನ್ನಡ ಹೆಸರಿಗೂ ಇದು ನಡೆಯುತ್ತದೆ. ಒಂದೇ ಮಿತಿ: ಲಿನಕ್ಸ್‌ನ ಸಾಮಾನ್ಯ ಫೈಲ್ ವ್ಯವಸ್ಥೆಯಾದ ಎಕ್ಸ್‌ಟಿ4ರಲ್ಲಿ ಹೆಸರಿಗೆ 255 ಬೈಟ್ ಮಾತ್ರ, ಕನ್ನಡದ ಪ್ರತಿ ಯೂನಿಕೋಡ್ ಚಿಹ್ನೆಗೆ 3 ಬೈಟ್ ಬೇಕು. ಕೊಂಬು, ದೀರ್ಘ, ಒತ್ತಿನ ಹಲಂತವೂ ಬೇರೆಬೇರೆ ಲೆಕ್ಕ, ಹೀಗಾಗಿ 85 ಚಿಹ್ನೆಗೆ ಮಿತಿ ಮುಗಿಯುತ್ತದೆ. ಉದ್ದದ ತಲೆಬರಹದ ಹೆಸರಿನಲ್ಲೇ ಉಳಿಸಿದ ಸುದ್ದಿಪುಟಕ್ಕೆ ಚುಕ್ಕೆ ಹಾಕಲು ಹೋಗಿ ‘ಹೆಸರು ಉದ್ದವಾಯಿತು’ ಎಂಬ ತಕರಾರು ಬಂದರೆ ಕಾರಣ ಇದು.

ಹೆಸರು ಬದಲಾದರೆ ವಿಳಾಸವೂ ಬದಲಾಗುತ್ತದೆ. ಆ ಫೋಲ್ಡರನ್ನು ನಂಬಿದ್ದ ಶಾರ್ಟ್‌ಕಟ್, ಬ್ಯಾಕಪ್ ಸ್ಕ್ರಿಪ್ಟ್ ಕೆಡುತ್ತವೆ. ಅದಕ್ಕೇ ಇನ್ನೊಂದು ದಾರಿ ಬಂತು. ಇಂಗ್ಲಿಷಿನಲ್ಲಿ ‘.ಹಿಡನ್’ ಎಂಬ ಹೆಸರಿನ ಪಠ್ಯ ಫೈಲು ಮಾಡಿ, ಅದೇ ಫೋಲ್ಡರಿನಲ್ಲಿ ಮರೆಯಾಗಬೇಕಾದ ಹೆಸರುಗಳನ್ನು ಸಾಲಿಗೊಂದರಂತೆ ಬರೆದು, ಎಫ್5 ಒತ್ತುವುದು. ಗ್ನೋಮ್ ಫೈಲ್ಸ್, ನೆಮೊ, ಕಾಜಾ ಎಂಬ ಫೈಲ್ ಮ್ಯಾನೇಜರ್‌ಗಳು ಇದನ್ನು ಓದುತ್ತವೆ, ಎಲ್‌ಎಸ್ ಓದುವುದಿಲ್ಲ. ಉಬುಂಟುವಿನ ಹೋಮ್‌ನಲ್ಲಿ ಎದ್ದು ಕಾಣುವ ‘ಸ್ನ್ಯಾಪ್’ ಫೋಲ್ಡರಿನ ಬಗ್ಗೆ 2016ರಿಂದ ಬಳಕೆದಾರರು ಗೊಣಗುತ್ತಿದ್ದಾರೆ, ಬಹುಪಾಲು ಜನರಿಗೆ ಈ ಉಪಾಯವೇ ಸಾಕು.

ಇಲ್ಲಿ ಕನ್ನಡಿಗರನ್ನು ಕಾಡುವ ತೊಡಕೊಂದಿದೆ. ಹೆಸರು ಬೈಟ್‌ಗೆ ಬೈಟ್ ಹೊಂದಬೇಕು. ‘ಸಾಫ್ಟ್‌ವೇರ್’ ಎಂಬಲ್ಲಿ ಟ-ವ ಬೆಸೆಯದಂತೆ ತಡೆಯುವ ಕಾಣದ ಚಿಹ್ನೆಯೊಂದಿದೆ. ‘ಕೋ’ ಅನ್ನು ಒಂದೇ ಸ್ವರಚಿಹ್ನೆಯಾಗಿಯೂ ಬಿಡಿಬಿಡಿಯಾಗಿಯೂ ಬರೆಯಬಹುದು, ಕಣ್ಣಿಗೆ ಎರಡೂ ಒಂದೇ. ಪಟ್ಟಿಯಲ್ಲಿ ಹೆಸರಿದ್ದೂ ಫೋಲ್ಡರ್ ಮರೆಯಾಗದಿದ್ದರೆ ಕೀಲಿಮಣೆಯನ್ನು ಬಯ್ಯುವ ಮೊದಲು, ಎಫ್2 ಒತ್ತಿ ಅಸಲಿ ಹೆಸರನ್ನೇ ಕಾಪಿ ಮಾಡಿ ಅಂಟಿಸಿ.

ಟರ್ಮಿನಲ್‌ನಲ್ಲಿ ‘ಎಲ್ಲ ಫೈಲುಗಳು’ ಎನ್ನಲು ಬಳಸುವ ನಕ್ಷತ್ರ ಚಿಹ್ನೆಗೂ ಚುಕ್ಕೆ ಫೈಲುಗಳು ಸಿಗುವುದಿಲ್ಲ. ನಕ್ಷತ್ರ ಹಾಕಿ ಬ್ಯಾಕಪ್ ಮಾಡಿದವರ ಸೆಟ್ಟಿಂಗ್‌ಗಳು ಹಿಂದೆಯೇ ಉಳಿಯುವುದು ಇದರಿಂದ. ಚುಕ್ಕೆ-ನಕ್ಷತ್ರ ಎಂದು ಬರೆದರೆ ಇನ್ನೂ ಅಪಾಯ: ಅದು ಎರಡು ಚುಕ್ಕೆಗೂ ಹೊಂದಿ, ನಿರ್ವಾಹಕರ ಅಧಿಕಾರ ಕೊಡುವ ಸುಡೋ ಜೊತೆ ಕೊಟ್ಟ ಮಾಲೀಕತ್ವ ಬದಲಿಸುವ ಆದೇಶ ಮೇಲಿನ ಫೋಲ್ಡರಿಗೂ ಹತ್ತುತ್ತಿತ್ತು. ಟರ್ಮಿನಲ್‌ನ ಆದೇಶಗಳನ್ನು ಓದಿ ನಡೆಸುವ ಬ್ಯಾಷ್‌ನ 2022ರ ಆವೃತ್ತಿ 5.2 ತಾನಾಗಿಯೇ ಆ ಎರಡನ್ನು ಬಿಡುತ್ತದೆ. ಹಳೆಯ ಸರ್ವರ್‌ಗಳಲ್ಲಿ ಎಚ್ಚರ.

ಮನೆಯಲ್ಲಿ ಒಂದೇ ಕಂಪ್ಯೂಟರನ್ನು ಹಲವರು ಬಳಸುತ್ತಿದ್ದರೆ ಚುಕ್ಕೆ ನೆಚ್ಚಬೇಡಿ. ಪ್ರತಿಯೊಬ್ಬರಿಗೂ ಬೇರೆ ಖಾತೆ ಮಾಡಿ, ಫೋಲ್ಡರಿನ ಅನುಮತಿ 700ಕ್ಕೆ, ಅಂದರೆ ಮಾಲೀಕರಿಗೆ ಮಾತ್ರ ಎಂಬಲ್ಲಿಗೆ, ಇಳಿಸಿ. ಉಬುಂಟು 21.04ರಿಂದ ಹೊಸ ಹೋಮ್ ಫೋಲ್ಡರ್ 750 ಆಗಿರುತ್ತದೆ, ಅದಕ್ಕೂ ಮೊದಲು 755, ಅಂದರೆ ಪಕ್ಕದ ಖಾತೆಯವರು ಓದಬಹುದಿತ್ತು. ಫ್ಯಾಟ್ ಪೆನ್‌ಡ್ರೈವ್‌ನಲ್ಲಿ ಈ ಅನುಮತಿಗಳು ಉಳಿಯುವುದಿಲ್ಲ, ಅಲ್ಲಿ ಎನ್‌ಕ್ರಿಪ್ಷನ್ ಒಂದೇ ದಾರಿ. ಅಷ್ಟು ಮಾಡಿದರೂ, ಮೊದಲು ತೆರೆದು ನೋಡಿದ ಚಿತ್ರಗಳ ಕಿರುರೂಪ ‘.ಕ್ಯಾಶ್’ನ ಥಂಬ್‌ನೇಲ್ಸ್‌ನಲ್ಲೂ, ಫೈಲುಗಳ ಹೆಸರು ಇತ್ತೀಚೆಗೆ ತೆರೆದವುಗಳ ಪಟ್ಟಿಯಲ್ಲೂ ಉಳಿದಿರುತ್ತವೆ. ಗ್ನೋಮ್ ಸೆಟ್ಟಿಂಗ್ಸ್‌ನ ಪ್ರೈವೆಸಿ ವಿಭಾಗದಲ್ಲಿ ಆ ಪಟ್ಟಿ ಅಳಿಸಬಹುದು. ಥಂಬ್‌ನೇಲ್ಸ್ ಫೋಲ್ಡರನ್ನು ಕೈಯಾರೆ ಖಾಲಿ ಮಾಡಬೇಕು.