ಮೈಕ್ರೋಸಿಮೆಂಟ್‌ಗೆ ನೀರು ಕುಡಿಸಬೇಕಾ? ನಾನು ಎಡವಿದ ಜಾಗದ ಟಿಪ್ಪಣಿ

ಮೈಸೂರಿನ ಅಗ್ರಹಾರದ ನಮ್ಮ ಹಳೇ ಮನೆಯ ಬಚ್ಚಲಿಗೆ ಮೈಕ್ರೋಸಿಮೆಂಟ್, ಅಂದರೆ ಹಳೇ ನೆಲದ ಮೇಲೆ ತೆಳುವಾಗಿ ಎಳೆಯುವ ಸಿಮೆಂಟ್ ಲೇಪ, ಹಾಕಿ ಮೂರು ವಾರವಾಯಿತು. ಒಂದು ಸಲ ಕೆಡಿಸಿಕೊಂಡು, ಉಜ್ಜಿ ತೆಗೆದು, ಎರಡನೇ ಸಲ ಸರಿಹೋಯಿತು. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ. ಕರಣೆ ಹಿಡಿಯೋದು, ಕಲಸೋದು ಎಲ್ಲ ಕೈಗೆ ತಾನಾಗೇ ಬರುತ್ತದೆ, ಅದನ್ನು ಬಿಟ್ಟಿದ್ದೇನೆ.

ಅಳತೆ

ಎಲ್ಲ ಪದರ ಸೇರಿ ದಪ್ಪ ಬರೀ 2ರಿಂದ 3 ಮಿಲಿಮೀಟರ್. ಲೆಕ್ಕ ಸುಲಭ: 1 ಚದರ ಮೀಟರ್ ಜಾಗಕ್ಕೆ 1 ಮಿಲಿಮೀಟರ್ ದಪ್ಪ ಬೇಕೆಂದರೆ ಕಲಸಿದ ಮಾಲು 1 ಲೀಟರ್. 10 ಚದರ ಅಡಿಯನ್ನು ಹೆಚ್ಚುಕಮ್ಮಿ 1 ಚದರ ಮೀಟರ್ ಅಂದುಕೊಳ್ಳಿ. ನಮ್ಮ 40 ಚದರ ಅಡಿ ನೆಲಕ್ಕೆ ಎರಡೂವರೆ ಮಿಲಿಮೀಟರ್ ಅಂದರೆ ಸುಮಾರು 10 ಲೀಟರ್, ಒಂದು ಸ್ನಾನದ ಬಕೆಟ್ಟಿನಷ್ಟೂ ಇಲ್ಲ! ಇಷ್ಟು ತೆಳು ಪದರ ನೆಲದ ಹಳ್ಳ ಮುಚ್ಚುವುದಿಲ್ಲ, ನೀರು ಹರಿಯುವ ಇಳಿಜಾರನ್ನೂ ಕೊಡುವುದಿಲ್ಲ. ಅವೆರಡೂ ಕೆಳಗಿನ ನೆಲದಲ್ಲೇ ಇರಬೇಕು. ಬಚ್ಚಲಿನ ವಾಟರ್‌ಪ್ರೂಫಿಂಗ್ ಕೂಡ ಕೆಳಗೇ ಮುಗಿದಿರಬೇಕು.

ಕೆಳಗಿನ ನೆಲ

ನಮ್ಮದು ರೆಡ್ ಆಕ್ಸೈಡ್ ನೆಲ. ವರ್ಷಗಟ್ಟಲೆ ಮೇಣ, ಎಣ್ಣೆ ಕುಡಿದು ಮಿರಮಿರ ಮಿಂಚುತ್ತಿತ್ತು. ಒಂದು ಹನಿ ನೀರು ಬಿಟ್ಟೆ, ಕೆಸುವಿನ ಎಲೆ ಮೇಲಿನ ಹಾಗೆ ಗುಂಡಗೆ ನಿಂತಿತು. ನೆಲ ನೀರು ಹೀರುತ್ತಿಲ್ಲ ಅಂತ ಅರ್ಥ, ಅಂಥದ್ದರ ಮೇಲೆ ಏನೂ ಹಿಡಿಯುವುದಿಲ್ಲ. ಗ್ರೈಂಡರ್‌ನಲ್ಲಿ ಆ ಮಿಂಚನ್ನು ಪೂರ್ತಿ ತೆಗೆದು, ಧೂಳು ಒರೆಸಿ, ಆಮೇಲೆ ಪ್ರೈಮರ್. ಬಿರುಕಿದ್ದರೆ ಮೊದಲು ತುಂಬಿ. ಮೊದಲ ಪದರದೊಳಗೆ ಫೈಬರ್ ಬಲೆ ಕೂರಿಸಿ.

ನೀರಿನ ಗೊಂದಲ

ಫಿನಿಶ್ ಪದರ ಎಳೆದದ್ದು ಸಂಜೆ. ಬೆಳಗ್ಗೆ ಐದೂವರೆಗೆ ಬಚ್ಚಲಿಂದ ಚಳಚಳ ಸದ್ದು. ಹೋಗಿ ನೋಡಿದರೆ ಅಪ್ಪ ಚೊಂಬಿನಲ್ಲಿ ನೀರು ಚಿಮುಕಿಸುತ್ತಿದ್ದಾರೆ! "ನೀರು ಕುಡಿಸ್ದೇ ಹೋದ್ರೆ ಸಿಮೆಂಟ್ ಸತ್ತೋಗುತ್ತೆ ಕಣಮ್ಮ" ಅಂದರು. ನನಗೂ ಸರಿಯೆನಿಸಿತು. ಮೋಲ್ಡ್ ಹಾಕಿದ ಮೇಲೆ ಸುತ್ತ ಕಟ್ಟೆ ಕಟ್ಟಿ ನೀರು ನಿಲ್ಲಿಸುವುದನ್ನು ನೋಡಿಯೇ ಬೆಳೆದವಳಲ್ವಾ? ಮಧ್ಯಾಹ್ನದ ಹೊತ್ತಿಗೆ ಅಲ್ಲಲ್ಲಿ ಬಿಳಿ ಮಚ್ಚೆ. ಸಿಮೆಂಟಿನೊಳಗಿನ ಸುಣ್ಣ ಕರಗಿ ಮೇಲೆ ಬಂದಿತ್ತು.

ನನ್ನ ತಲೆಗೆ ಹತ್ತದಿದ್ದದ್ದು ಇದು. ಎರಡೂ ಸಿಮೆಂಟೇ, ಒಂದಕ್ಕೆ ನೀರು ಬೇಕು, ಇನ್ನೊಂದಕ್ಕೆ ಬೇಡ, ಯಾಕೆ? ಸಿಮೆಂಟ್ ಒಣಗಿ ಗಟ್ಟಿಯಾಗುವುದಲ್ಲ, ನೀರಿನ ಜೊತೆ ಕೂಡಿ ಗಟ್ಟಿಯಾಗುತ್ತದೆ. ಕಾಂಕ್ರೀಟಿಗೆ ನೀರು ಕುಡಿಸೋದು ಅದಕ್ಕೇ. ಆದರೆ ಮೈಕ್ರೋಸಿಮೆಂಟಿನಲ್ಲಿ ಸಿಮೆಂಟ್, ಸಣ್ಣ ಮರಳಪುಡಿ, ಬಣ್ಣದ ಜೊತೆ ಪಾಲಿಮರ್ ಇರುತ್ತದೆ. ಅದರ ಸ್ವಭಾವ ಪೂರಾ ಉಲ್ಟಾ. ಫೆವಿಕಾಲ್ ನೆನಪಿಸಿಕೊಳ್ಳಿ. ಬೆಳ್ಳಗಿರುವಾಗ ಅದರ ಕಣಗಳು ನೀರಲ್ಲಿ ತೇಲುತ್ತಿರುತ್ತವೆ. ನೀರು ಆರಿದಾಗಲೇ ಕಣಕ್ಕೆ ಕಣ ಅಂಟಿ ಪೊರೆಯಾಗುವುದು. ಮೈಕ್ರೋಸಿಮೆಂಟಿನಲ್ಲೂ ಹಾಗೇ. ಪೊರೆ ಕಟ್ಟುತ್ತಿರುವಾಗ ಮೇಲಿಂದ ನೀರು ಸುರಿದರೆ ಅದು ಕೂಡಿಕೊಳ್ಳುವುದೇ ಇಲ್ಲ.

ಹಾಗಾದರೆ ಸಿಮೆಂಟಿನ ಪಾಲಿನ ನೀರು? ಕಲಸುವಾಗ ಹಾಕಿದ್ದೇ ಸಾಕು. ಪಾಲಿಮರ್ ಅದನ್ನು ಬೇಗ ಆರಿಹೋಗದಂತೆ ಒಳಗೇ ಹಿಡಿದಿಟ್ಟುಕೊಳ್ಳುತ್ತದೆ. ನೀರು ಹಾಕಬೇಡಿ ಅಂದರೆ ಬೇಗ ಒಣಗಿಸಿ ಅಂತಲ್ಲ. ಫ್ಯಾನ್ ಬೇಡ, ನೇರ ಬಿಸಿಲೂ ಬೇಡ. ಏಪ್ರಿಲ್‌ನಲ್ಲಿ ಕಿಟಕಿಗೆ ಬಟ್ಟೆ ಕಟ್ಟಿ, ಸುಮ್ನೆ ಬಿಟ್ಟುಬಿಡಿ.

ಮುಟ್ಟಿ ನೋಡಿದರೆ ಸಾಲದು

ಎರಡನೇ ತಪ್ಪು ಪೂರ್ತಿ ನನ್ನದೇ. ಮಚ್ಚೆಗಳನ್ನು ಉಪ್ಪುಕಾಗದದಲ್ಲಿ ಉಜ್ಜಿ, ಫ್ಯಾನ್ ಹಾಕಿ, ಅಂದು ಸಂಜೆಯೇ ಸೀಲರ್ (ನೀರು, ಕಲೆ ಇಳಿಯದಂತೆ ಕೊನೆಗೆ ಹೊಡೆಯುವ ಲೇಪ) ಹೊಡೆದೆ. ಕೈಗೆ ಒಣಗಿದ ಹಾಗೇ ಇತ್ತು. ಮಾರನೇ ದಿನ ನೋಡಿದರೆ ಮಜ್ಜಿಗೆ ಚೆಲ್ಲಿದ ಹಾಗೆ ಮಬ್ಬು. ಒಳಗಿನ ತೇವಕ್ಕೆ ಹೊರಗೆ ಹೋಗಲು ದಾರಿ ಇರಲಿಲ್ಲ. ಸೀಲರನ್ನೆಲ್ಲ ಕೆರೆದು, ಫಿನಿಶ್ ಪದರ ಮತ್ತೆ ಎರಡು ಎಳೆಯಬೇಕಾಯಿತು.

ಈಗ ನನ್ನ ನೆಚ್ಚಿನ ಪರೀಕ್ಷೆ ಪ್ಲಾಸ್ಟಿಕ್ ಹಾಳೆ. ಒಂದೂವರೆ ಅಡಿ ಚೌಕದ ಹಾಳೆಯನ್ನು ನೆಲಕ್ಕೆ ಹಾಸಿ ನಾಲ್ಕೂ ಅಂಚಿಗೆ ಟೇಪ್ ಹಾಕಿ. 16 ಗಂಟೆಯಾದರೂ ಬಿಡಿ. ಎತ್ತಿದಾಗ ಅಡಿಯಲ್ಲಿ ಹನಿ ಕಂಡರೆ, ನೆಲ ಕಪ್ಪಾಗಿದ್ದರೆ ಇನ್ನೂ ತೇವವಿದೆ. ಕೆಲಸ ಶುರು ಮಾಡುವ ಮುಂಚೆ ಹಳೇ ನೆಲಕ್ಕೂ ಹೀಗೇ ನೋಡಿ. ಸೀಲರ್‌ಗೆ ಮುಂಚೆ ನಾನು ಮಾಸ್ಕಿಂಗ್ ಟೇಪ್‌ನಲ್ಲಿ ಚಿಕ್ಕ ತುಂಡು ಅಂಟಿಸಿ ಇನ್ನೊಮ್ಮೆ ನೋಡುತ್ತೇನೆ. ಮಂಡ್ಯದಲ್ಲಿ ನಾಲೆ ಪಕ್ಕದ ಚಿಕ್ಕಮ್ಮನ ಮನೆಯಲ್ಲಿ ಹಾಳೆ ಎತ್ತಿದರೆ ಅಡಿಯಲ್ಲಿ ಹನಿಯ ಸಾಲು. ಗದ್ದೆ ಬಯಲಿನ ತೇವ ನೆಲದಿಂದಲೇ ಏರುತ್ತಿದೆ. ಅದನ್ನು ತಡೆಯುವವರೆಗೆ ಅಲ್ಲಿ ಬೇಡ ಅಂದೆ. ಚಿಕ್ಕಮ್ಮನಿಗೆ ಬೇಜಾರಾಯಿತು.

ಉಳಿದದ್ದು

ತಿಳಿ ಬಣ್ಣಕ್ಕೆ ಕಬ್ಬಿಣದ ಕರಣೆಯಿಂದ ಜಾಸ್ತಿ ಉಜ್ಜಿದರೆ ಕಪ್ಪು ಗೆರೆ ಬೀಳುತ್ತದೆ, ಪ್ಲಾಸ್ಟಿಕ್‌ದು ವಾಸಿ. ಎರಡು ಡಬ್ಬದ ಪಾಲಿಯುರಿಥೇನ್ ಸೀಲರನ್ನು ಕಣ್ಣಂದಾಜಿನಲ್ಲಿ ಬೆರೆಸಬೇಡಿ, ತಕ್ಕಡಿ ಇಡಿ. ಹೊಡೆದ ಮೇಲೆ ಒಂದು ವಾರ ಪಕ್ಕದ ಮನೆಯಲ್ಲಿ ಸ್ನಾನ. ಆಸಿಡ್ ಹಾಕಿ ತೊಳೆಯುವ ಹಾಗೇ ಇಲ್ಲ. ಆ ಬಾಟಲಿಯನ್ನು ಅಪ್ಪನ ಕೈಗೆ ಸಿಗದ ಕಡೆ ಎತ್ತಿಟ್ಟಿದ್ದೇನೆ, ಚೊಂಬಿನ ಜೊತೆಗೆ.