ಜಿಪಿಎಸ್ ಟ್ರ್ಯಾಕರ್: ಉಪಗ್ರಹಕ್ಕೆ ಗಾಡಿಯ ಸುದ್ದಿಯೇ ಗೊತ್ತಿಲ್ಲ

ಜಿಪಿಎಸ್ ಉಪಗ್ರಹ ಯಾವ ಗಾಡಿಯನ್ನೂ ನೋಡುತ್ತಿರುವುದಿಲ್ಲ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಾ, ಈಗ ಸಮಯ ಎಷ್ಟು, ತಾನು ಎಲ್ಲಿದ್ದೇನೆ ಎಂದು ಸಾರುತ್ತಿರುವುದಷ್ಟೇ ಅದರ ಕೆಲಸ. ಕೇಳಿಸಿಕೊಂಡು ತಾನು ಎಲ್ಲಿದ್ದೇನೆ ಎಂದು ಲೆಕ್ಕ ಹಾಕುವುದು ಗಾಡಿಗೆ ಹಾಕಿದ ಟ್ರ್ಯಾಕರ್ ಎಂಬ ಸಾಧನದೊಳಗಿನ ರಿಸೀವರ್. ಆ ಲೆಕ್ಕ ಗಾಡಿಯ ಮೇಲೆ ಕಣ್ಣಿಟ್ಟಿರುವ ಆಫೀಸಿನ ಪರದೆಗೆ ಬರುವ ದಾರಿಯೇ ಬೇರೆ: ಟ್ರ್ಯಾಕರ್ ಒಳಗಿನ ಸಿಮ್, ಮೊಬೈಲ್ ನೆಟ್‌ವರ್ಕ್, ಸರ್ವರ್. ಟ್ರ್ಯಾಕಿಂಗ್‌ನಲ್ಲಿ ಏನಾದರೂ ಎಡವಟ್ಟಾದರೆ, ಅದು ಲೆಕ್ಕ ಹಾಕುವ ಕಡೆ ಆದದ್ದೋ ಕಳಿಸುವ ಕಡೆ ಆದದ್ದೋ ಎಂದು ಮೊದಲು ನೋಡಬೇಕು.

ಮೊದಲು ಲೆಕ್ಕದ ಕಡೆ. ಸಿಗ್ನಲ್ ಹೊರಟ ಸಮಯ ಅದರಲ್ಲೇ ಇರುತ್ತದೆ. ಬಂದ ಸಮಯ ರಿಸೀವರ್‌ಗೆ ಗೊತ್ತು. ನಡುವಿನ ವ್ಯತ್ಯಾಸವನ್ನು ಬೆಳಕಿನ ವೇಗದಿಂದ ಗುಣಿಸಿದರೆ ದೂರ ಸಿಕ್ಕಿತು. ಕೇಳಲು ಸುಲಭ, ಅಲ್ವಾ? ಆದರೆ ಬೆಳಕು ಒಂದು ಮೈಕ್ರೋಸೆಕೆಂಡಿನಲ್ಲೇ ಸುಮಾರು 300 ಮೀಟರ್ ಓಡುತ್ತದೆ. ಉಪಗ್ರಹದಲ್ಲಿ ಅತಿ ನಿಖರವಾದ ಪರಮಾಣು ಗಡಿಯಾರವಿದೆ. ಟ್ರ್ಯಾಕರ್‌ನಲ್ಲಿರುವುದು ಸಾಧಾರಣ ಕ್ವಾರ್ಟ್ಜ್ ಗಡಿಯಾರ. ಅದನ್ನು ನಂಬಿ ದೂರ ಅಳೆದರೆ ಗಾಡಿ ಯಾವ ಊರಲ್ಲಿದೆ ಎಂದೂ ಹೇಳಲಾಗುವುದಿಲ್ಲ.

ಇಲ್ಲಿ ಒಂದು ಉಪಾಯವಿದೆ. ರಿಸೀವರ್ ಗಡಿಯಾರದ ತಪ್ಪು ಎಷ್ಟೇ ಇರಲಿ, ಅದು ಎಲ್ಲ ಉಪಗ್ರಹಗಳ ಅಳತೆಯಲ್ಲೂ ಒಂದೇ ಸಮ ಸೇರಿಕೊಳ್ಳುತ್ತದೆ. ಹಾಗಾಗಿ ಅದನ್ನೂ ಒಂದು ಗೊತ್ತಿಲ್ಲದ ಸಂಖ್ಯೆ ಎಂದು ಇಟ್ಟುಕೊಳ್ಳುತ್ತಾರೆ. ಜಾಗಕ್ಕೆ ಮೂರು (ಅಕ್ಷಾಂಶ, ರೇಖಾಂಶ, ಎತ್ತರ), ಗಡಿಯಾರಕ್ಕೆ ಒಂದು. ನಾಲ್ಕು ಬಿಡಿಸಲು ನಾಲ್ಕು ಉಪಗ್ರಹ ಬೇಕು. ಜಿಪಿಎಸ್ ವಿವರಿಸಲು ಮೂರು ಉಪಗ್ರಹಗಳಿಗೆ ಮೂರು ವೃತ್ತ ಬರೆದು ‘ಇಷ್ಟೇ ಸಾಕು’ ಎನ್ನುವ ಚಿತ್ರಗಳು ಈ ಮುಖ್ಯ ಮಾತನ್ನೇ ನುಂಗಿಬಿಡುತ್ತವೆ. ಇನ್ನೊಂದು ಲಾಭವೂ ಇದೆ: ಲೆಕ್ಕ ಮುಗಿದಾಗ ಜಾಗದ ಜೊತೆ ನಿಖರವಾದ ಸಮಯವೂ ಸಿಗುತ್ತದೆ. ಇದು ಮುಂದೆ ಬೇಕಾಗುತ್ತದೆ.

 

ರಿಸೀವರ್ ತನ್ನ ಉತ್ತರವನ್ನು ಎನ್‌ಎಂಇಎ ಎಂಬ ಮಾದರಿಯ ಸಾಲುಗಳಲ್ಲಿ ಉಗುಳುತ್ತದೆ. ಅದರಲ್ಲಿ ಸಮಯ, ಜಾಗ, ವೇಗ ಮೂರೂ ಇರುವ ಆರ್‌ಎಂಸಿ ಎಂಬ ಸಾಲನ್ನು ಓದಲು ಕಲಿತರೆ ತುಂಬಾ ಉಪಯೋಗ. ಸಮಯ ಆದ ಮೇಲೆ ಬರುವ ‘ಎ’ ಅಕ್ಷರ ಎಂದರೆ ಉತ್ತರ ನಂಬಬಹುದು. ‘ವಿ’ ಇದ್ದರೆ ಆ ಸಾಲನ್ನು ಬಿಟ್ಟುಬಿಡಿ. ಆಮೇಲೆ ಅಕ್ಷಾಂಶ 1530.0000 ಎಂದು ಬಂತು ಎನ್ನಿ. ಇದು 15.30 ಡಿಗ್ರಿ ಅಲ್ಲ. 15 ಡಿಗ್ರಿ, 30 ನಿಮಿಷ (ಇಲ್ಲಿ ನಿಮಿಷ ಎಂದರೆ ಡಿಗ್ರಿಯ ಅರವತ್ತನೇ ಒಂದು ಭಾಗ). 30ನ್ನು 60ರಿಂದ ಭಾಗಿಸಿದರೆ 15.5 ಡಿಗ್ರಿ. ಒಂದು ಡಿಗ್ರಿ ಅಕ್ಷಾಂಶ ಎಂದರೆ ಸುಮಾರು 111 ಕಿಲೋಮೀಟರ್, ಹಾಗಾಗಿ ಸುಮ್ನೆ ಚುಕ್ಕಿ ಸರಿಸಿ ಓದಿದರೆ ಗಾಡಿ 22 ಕಿಲೋಮೀಟರ್ ಆಚೆ ಕಾಣುತ್ತದೆ. ವೇಗವೂ ಕಿಲೋಮೀಟರ್‌ನಲ್ಲಿ ಇರುವುದಿಲ್ಲ, ಹಡಗಿನ ವೇಗ ಅಳೆಯುವ ನಾಟ್‌ನಲ್ಲಿರುತ್ತದೆ. 27 ನಾಟ್ ಅಂದರೆ 1.852ರಿಂದ ಗುಣಿಸಿ, ಗಂಟೆಗೆ 50 ಕಿಲೋಮೀಟರ್.

ನಿಲ್ಲಿಸಿದ ಗಾಡಿ ಮ್ಯಾಪಿನಲ್ಲಿ ಅಲ್ಲಲ್ಲೇ ಓಡಾಡುವುದನ್ನು ನೋಡಿರುತ್ತೀರಿ. ಎತ್ತರದ ಕಟ್ಟಡಗಳಿಗೆ ಬಡಿದು ಬರುವ ಸಿಗ್ನಲ್ ಜಾಸ್ತಿ ದೂರ ಸುತ್ತಿ ಬಂದಿರುತ್ತದೆ, ಆದ್ದರಿಂದ ಜಾಗ ಕುಣಿಯುತ್ತದೆ. ಇದನ್ನು ತಡೆಯಲು ಟ್ರ್ಯಾಕರ್‌ಗೆ ಗಾಡಿಯ ಕೀ ಆನ್ ಇದೆಯೋ ಇಲ್ಲವೋ ತಿಳಿಸುವ ಇಗ್ನಿಷನ್ ವೈರ್ ಕೊಡುತ್ತಾರೆ. ಕೀ ಆಫ್ ಇದ್ದರೆ ಸಣ್ಣಪುಟ್ಟ ಅಲುಗಾಟವನ್ನು ಲೆಕ್ಕಕ್ಕೆ ತೆಗೆದುಕೊಳ್ಳದಂತೆ ಮಾಡಬಹುದು. ಇಲ್ಲದಿದ್ದರೆ ನಿಂತ ಗಾಡಿಯೂ ರಾತ್ರಿಯಿಡೀ ಓಡಿದ ಲೆಕ್ಕ ಬರುತ್ತದೆ.

ಇನ್ನು ಕಳಿಸುವ ಕಡೆ. ಟ್ರ್ಯಾಕರ್ 30 ಸೆಕೆಂಡಿಗೊಮ್ಮೆ ತಾನಿರುವ ಜಾಗವನ್ನು ಒಂದು ಚುಕ್ಕಿಯಾಗಿ ಕಳಿಸುತ್ತದೆ ಎನ್ನಿ. ಗಂಟೆಗೆ 60 ಕಿಲೋಮೀಟರ್ ವೇಗದ ಗಾಡಿ 30 ಸೆಕೆಂಡಿನಲ್ಲಿ 500 ಮೀಟರ್ ಹೋಗಿರುತ್ತದೆ. ಆ ಎರಡು ಚುಕ್ಕಿಗಳನ್ನು ನೇರ ಗೆರೆಯಿಂದ ಸೇರಿಸಿದರೆ, ಗಾಡಿ ಮನೆಗಳ ಮೇಲೇ ಹಾದುಹೋದಂತೆ ಕಾಣುತ್ತದೆ. ಅದಕ್ಕೇ ಒಳ್ಳೆ ಟ್ರ್ಯಾಕರ್‌ಗಳು ತಿರುವಿನಲ್ಲಿ ಹೆಚ್ಚುವರಿ ಚುಕ್ಕಿ ಕಳಿಸುತ್ತವೆ.

ನೆಟ್‌ವರ್ಕ್ ಇಲ್ಲದ ಕಡೆ ಟ್ರ್ಯಾಕರ್ ಚುಕ್ಕಿಗಳನ್ನು ಮೆಮೊರಿಯಲ್ಲಿ ಕೂಡಿಟ್ಟುಕೊಂಡು, ನೆಟ್‌ವರ್ಕ್ ಸಿಕ್ಕ ಕೂಡಲೇ ಒಟ್ಟಿಗೆ ಕಳಿಸುತ್ತದೆ. ಸರ್ವರ್‌ನ ಪ್ರೋಗ್ರಾಂ ಬರೆಯುವವರು ಇಲ್ಲಿ ಹುಷಾರಾಗಿರಬೇಕು. ಚುಕ್ಕಿ ಸರ್ವರ್‌ಗೆ ಬಂದ ಸಮಯವನ್ನು ಬಳಸಿದರೆ, ಗಾಡಿ ಗಂಟೆಗಟ್ಟಲೆ ನಿಂತು ಒಮ್ಮೆಲೇ ಹಾರಿದಂತಾಗುತ್ತದೆ. ಬಳಸಬೇಕಾದದ್ದು ಪ್ರತಿ ಚುಕ್ಕಿಯ ಜೊತೆ ಬಂದಿರುವ ಉಪಗ್ರಹದ ಸಮಯ.