ಜರಡಿ ಕಾಣದ ಅಕ್ಕಿ

ಮೊನ್ನೆ ಮಂಡ್ಯದ ಹತ್ತಿರ ಒಂದು ರೈಸ್ ಮಿಲ್ಲಿಗೆ ಭತ್ತ ಹಾಕಿಸೋಕೆ ಹೋಗಿದ್ದೆ. ಜೊತೆಗೆ ಅಕ್ಕನ ಮಗಳು. ಆ ಗದ್ದಲದಲ್ಲೇ ಕಿವಿಯ ಹತ್ತಿರ ಬಂದು ಕೇಳಿದಳು: "ಮಾವ, ಸಾಧಾರಣವಾದದ್ದಕ್ಕೆ ಇಂಗ್ಲಿಷಲ್ಲಿ 'ರನ್ ಆಫ್ ದ ಮಿಲ್' ಅಂತಾರಲ್ಲ, ಅದ್ಯಾವ ಮಿಲ್ಲು?"

ಕೊಳವೆಯಿಂದ ಸುರಿಯುತ್ತಿದ್ದ ಅಕ್ಕಿಗೆ ಬೊಗಸೆ ಒಡ್ಡಲು ಹೇಳಿದೆ. ಇಡೀ ಕಾಳು, ಅರ್ಧ ಮುರಿದದ್ದು, ನುಚ್ಚು, ಸಿಪ್ಪೆ ಬಿಡದ ಒಂದೆರಡು ಭತ್ತ, ಬೆರಳಿಗೆಲ್ಲ ತೌಡು. ಇನ್ನೂ ಜರಡಿ ಕಾಣದ ಮಾಲು ಅದು.

ಇಲ್ಲಿ 'ರನ್' ಅಂದರೆ ಓಟ ಅಲ್ಲ. ಮಿಲ್ಲು ಓಡಿದಾಗ ಹೊರಬೀಳುವ ಒಟ್ಟು ಮಾಲು. 19ನೇ ಶತಮಾನದ ಕೊನೆಯ ಹೊತ್ತಿಗೆ ಅಮೆರಿಕದಲ್ಲಿ, ದರ್ಜೆ ನೋಡಿ ಬೇರೆ ಮಾಡದೆ ಹಾಗೇ ಮಾರುವ ಸರಕಿಗೆ ಈ ಮಾತು ಬಳಕೆಗೆ ಬಂತು. ಗಣಿಯಿಂದ ತೆಗೆದ ಹಾಗೇ ಇರುವ ಕಲ್ಲಿದ್ದಲಿಗೆ ಇಂದಿಗೂ 'ರನ್ ಆಫ್ ಮೈನ್' ಅಂತಲೇ ಹೆಸರು. ಬೈಗುಳ ಏನೂ ಅಲ್ಲ ನೋಡಿ. ಅವಳ ಬೊಗಸೆಯಲ್ಲಿ ಒಳ್ಳೆ ಕಾಳೇ ಜಾಸ್ತಿ ಇತ್ತು, ಆರಿಸಿರಲಿಲ್ಲ ಅಷ್ಟೆ. ಆರಿಸದ್ದು ಅನ್ನುವ ಅರ್ಥ ಮುಂದೆ 'ವಿಶೇಷ ಏನಿಲ್ಲ' ಅನ್ನುವ ಕಡೆಗೆ ಜಾರಿತು.

ಹೊಸತನವಿಲ್ಲದ, ಸಪ್ಪೆಯಾದದ್ದಕ್ಕೆ ಇಂಗ್ಲಿಷಲ್ಲಿ 'ಬನಾಲ್' ಅಂತಾರೆ. ಆ ಪದಕ್ಕೂ ಮಿಲ್ಲಿನ ನಂಟಿದೆ. ಇದು ಫ್ರಾನ್ಸಿನ ಕತೆ. ಪಾಳೆಯಗಾರನ ಆಜ್ಞೆಗೆ ಅಲ್ಲಿ 'ಬಾನ್' ಎನ್ನುತ್ತಿದ್ದರು. ಊರಿನವರು ಅವನ ಗಿರಣಿಯಲ್ಲೇ ಕಾಳು ಬೀಸಿಸಬೇಕು, ಅವನ ಒಲೆಯಲ್ಲೇ ರೊಟ್ಟಿ ಸುಡಿಸಬೇಕು, ಮೇಲೆ ಅವನಿಗೆ ಪಾಲೂ ಕೊಡಬೇಕು! ಅದಕ್ಕೇ ಅದು 'ಬನಾಲ್' ಗಿರಣಿ. ಊರಿಗೆಲ್ಲ ಒಂದೇ ಗಿರಣಿ ಆದ್ದರಿಂದ, ಪದಕ್ಕೆ ಎಲ್ಲರೂ ಬಳಸುವಂಥದ್ದು ಎಂಬ ಅರ್ಥ ಬಂತು. ಆಮೇಲೆ ಬಳಸಿ ಬಳಸಿ ಸವೆದ ಮಾತಿಗೂ ಅದೇ ಹೆಸರಾಯಿತು.

"ಹಾಗಾದ್ರೆ ನಮ್ಮ ಮಾಮೂಲಿ?"

ಅದು ಅರಬ್ಬಿಯ 'ಅಮಲ್'ನಿಂದ ಬಂದದ್ದು. ಅಮಲ್ ಅಂದರೆ ಮಾಡುವುದು, ಮಾಮೂಲ್ ಅಂದರೆ ಮಾಡುತ್ತಾ ಬಂದದ್ದು. ಹಿಂದಿನ ಮೈಸೂರಿನ ತಾಲ್ಲೂಕುಗಳನ್ನು ಆಳುತ್ತಿದ್ದ ಅಮಲ್ದಾರರೂ ಇದೇ ಬೇರಿನವರು. ಮೇಜಿನ ಕೆಳಗೆ ಕೊಡುವ ಮಾಮೂಲೂ ಬೇರೆ ಅಲ್ಲ!

ಅಷ್ಟರಲ್ಲಿ ನಮ್ಮ ಅಕ್ಕಿ ಜರಡಿ ದಾಟಿತ್ತು. ನುಚ್ಚು ಬೇರೆ ಚೀಲಕ್ಕೆ ತುಂಬಿಸಿಕೊಂಡೆವು. ಮುದ್ದೆಗೆ ಹಾಕೋಕೆ ಬೇಕು, ಮರೀಬೇಡ ಅಂತ ಅಕ್ಕ ಎರಡೆರಡು ಸಲ ಹೇಳಿದ್ದಳು.